ಟೋಲ್ ರಸ್ತೆಗೆ ಹಣ ಹಾಕುವವರು ಏನನ್ನು ನಂಬಿ ಹಾಕುತ್ತಾರೆ?

1990ರ ದಶಕದ ಆಸುಪಾಸಿನಲ್ಲಿ ಲ್ಯಾಟಿನ್ ಅಮೆರಿಕದ ಎರಡು ದೇಶಗಳು ಒಂದೇ ಬಗೆಯ ಕೆಲಸಕ್ಕೆ ಕೈಹಾಕಿದವು. ಮೆಕ್ಸಿಕೊಗೂ ಚಿಲಿಗೂ ಒಳ್ಳೆಯ ಹೆದ್ದಾರಿಗಳು ಬೇಕಿದ್ದವು, ಬೊಕ್ಕಸದಲ್ಲಿ ಅಷ್ಟು ಹಣವಿರಲಿಲ್ಲ. ಖಾಸಗಿಯವರು ತಮ್ಮ ದುಡ್ಡಿನಲ್ಲಿ ರಸ್ತೆ ಕಟ್ಟಲಿ, ಒಂದಷ್ಟು ವರ್ಷ ಟೋಲ್ ವಸೂಲಿ ಮಾಡಿಕೊಳ್ಳಲಿ, ಆಮೇಲೆ ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸಲಿ ಎಂದು ಎರಡೂ ಕಡೆ ತೀರ್ಮಾನವಾಯಿತು. ಸಾರ್ವಜನಿಕ-ಖಾಸಗಿ ಸಹಭಾಗಿತ್ವ, ಅಂದರೆ ಪಿಪಿಪಿ ಎಂದು ನಾವು ದಿನವೂ ಪತ್ರಿಕೆಯಲ್ಲಿ ಓದುವ ಏರ್ಪಾಡು ಇದೇ.

ಮೆಕ್ಸಿಕೊ 1989ರಿಂದ 1994ರೊಳಗೆ ಇಂಥ 52 ಗುತ್ತಿಗೆಗಳನ್ನು ಕೊಟ್ಟಿತು. 1997ರಲ್ಲಿ ಅವುಗಳಲ್ಲಿ 23ನ್ನು ಸಾಲದ ಸಮೇತ ಸರ್ಕಾರವೇ ವಾಪಸ್ ತೆಗೆದುಕೊಳ್ಳಬೇಕಾಯಿತು. ಚಿಲಿ 1993ರಲ್ಲಿ ಎಲ್ ಮೆಲೊನ್ ಸುರಂಗದಿಂದ ಶುರುಮಾಡಿ, ದೇಶದ ಬೆನ್ನೆಲುಬಿನಂತಿರುವ ರೂತಾ 5 ಹೆದ್ದಾರಿಯ ಸುಮಾರು 1,500 ಕಿ.ಮೀ. ಉದ್ದವನ್ನು ಎಂಟು ಭಾಗ ಮಾಡಿ ಟೆಂಡರ್ ಕರೆಯಿತು. ರಸ್ತೆಗಳು ಮುಗಿದವು. ತಕರಾರುಗಳು ಬಂದವು, ಹಗರಣವೂ ಬಂತು. ಆದರೆ ಹಣ ಹಾಕುವವರು ಮಾತ್ರ ಓಡಿಹೋಗಲಿಲ್ಲ.

ಎರಡು ದೇಶಗಳ ಟೆಂಡರ್ ಕಾಗದಗಳನ್ನು ಮೇಲೆಮೇಲೆ ನೋಡಿದರೆ ಈ ಅಂತರ ಅರ್ಥವಾಗುವುದಿಲ್ಲ. ಕಾಗದದ ಹಿಂದೆ ಇದ್ದ ವ್ಯವಸ್ಥೆಯನ್ನು ನೋಡಬೇಕು: ಸಾಲ ಎಲ್ಲಿಂದ ಬಂತು, ಯಾವ ಕರೆನ್ಸಿಯಲ್ಲಿ ಬಂತು, ದರ ನಿಗದಿ ಮಾಡುವವರು ಯಾರು, ಜಗಳವಾದರೆ ಬಗೆಹರಿಸುವವರು ಯಾರು, ಎಷ್ಟು ದಿನದಲ್ಲಿ ಬಗೆಹರಿಸುತ್ತಾರೆ.

ಮೆಕ್ಸಿಕೊದಲ್ಲಿ ಯಾರು ಅತಿ ಕಡಿಮೆ ವರ್ಷಗಳಲ್ಲಿ ರಸ್ತೆಯನ್ನು ಹಿಂದಿರುಗಿಸುತ್ತೇವೆ ಎನ್ನುತ್ತಾರೋ ಅವರಿಗೆ ಗುತ್ತಿಗೆ. ಕೇಳುವುದಕ್ಕೆ ಜನಪರವಾದ ನಿಯಮ. ಆದರೆ ಕೆಲವೇ ವರ್ಷಗಳಲ್ಲಿ ಹಾಕಿದ ಹಣ ಎತ್ತಬೇಕೆಂದರೆ ಟೋಲ್ ಏರಲೇಬೇಕು. ಟೋಲ್ ರಸ್ತೆಯ ಪಕ್ಕದಲ್ಲೇ ಶುಲ್ಕವಿಲ್ಲದ ಹಳೆಯ ರಸ್ತೆಯೂ ಇರಬೇಕೆಂಬುದು ಅಲ್ಲಿನ ನಿಯಮ. ಲಾರಿಗಳು ಹಳೆಯ ರಸ್ತೆಯನ್ನು ಬಿಟ್ಟು ಬರಲಿಲ್ಲ. ಗುತ್ತಿಗೆ ಹಿಡಿದವರಲ್ಲಿ ಹೆಚ್ಚಿನವರು ಕಟ್ಟಡ ಕಾಮಗಾರಿ ಕಂಪನಿಗಳು. ರಸ್ತೆ ಕಟ್ಟುವಾಗಲೇ ಅವರ ಲಾಭ ಕೈಸೇರುತ್ತಿತ್ತು, ಇಪ್ಪತ್ತು ವರ್ಷದ ವಾಹನ ಸಂಚಾರದ ಲೆಕ್ಕ ಅವರಿಗೆ ಅಷ್ಟು ಮುಖ್ಯವಾಗಿರಲಿಲ್ಲ. ಸಾಲ ಕೊಟ್ಟದ್ದು ಸ್ಥಳೀಯ ಬ್ಯಾಂಕುಗಳು, ಅದೂ ಬಡ್ಡಿದರ ಏರಿಳಿಯುವ ಸಾಲ. 1994ರ ಡಿಸೆಂಬರ್‌ನಲ್ಲಿ ಪೆಸೊ ಕುಸಿಯಿತು, ಬಡ್ಡಿ ಗಗನಕ್ಕೇರಿತು. ಅಲ್ಲಿಗೆ ಇಡೀ ಲೆಕ್ಕ ತಲೆಕೆಳಗಾಯಿತು.

ಚಿಲಿಯ ಕಥೆಯಲ್ಲಿ ರಸ್ತೆಗಿಂತ ಮೊದಲು ಎರಡು ಸಂಗತಿಗಳು ಬರುತ್ತವೆ, ಎರಡಕ್ಕೂ ರಸ್ತೆಗೂ ನೇರ ಸಂಬಂಧವಿಲ್ಲ. ಒಂದು, 1967ರಿಂದ ಚಾಲ್ತಿಯಲ್ಲಿರುವ 'ಯು.ಎಫ್.' ಎಂಬ ಲೆಕ್ಕದ ಘಟಕ. ಹಣದುಬ್ಬರ ಏರಿದಷ್ಟೂ ಇದರ ಬೆಲೆ ತಾನಾಗಿ ಏರುತ್ತದೆ. ಮನೆ ಬಾಡಿಗೆಯಿಂದ ಹಿಡಿದು ದೊಡ್ಡ ಸಾಲದವರೆಗೆ ಜನ ಅದರಲ್ಲೇ ಲೆಕ್ಕ ಹಾಕುತ್ತಾರೆ. ಹಾಗಾಗಿ ಇಪ್ಪತ್ತು ವರ್ಷಕ್ಕೆ ಸಾಲ ಕೊಟ್ಟವನಿಗೆ ತನ್ನ ಹಣ ಕರಗಿಹೋಗುತ್ತದೆಂಬ ಭಯವಿಲ್ಲ. ಎರಡು, 1981ರಲ್ಲಿ ಬಂದ ಪಿಂಚಣಿ ಸುಧಾರಣೆ. ಕಾರ್ಮಿಕರ ಉಳಿತಾಯವೆಲ್ಲ ಖಾಸಗಿ ಪಿಂಚಣಿ ನಿಧಿಗಳಲ್ಲಿ ಸೇರತೊಡಗಿತು. ಆ ಸುಧಾರಣೆಯ ನ್ಯಾಯಾನ್ಯಾಯ ಬೇರೆಯೇ ಚರ್ಚೆ, ಅದರ ವಿರುದ್ಧ ಚಿಲಿಯ ಜನ ಬೀದಿಗಿಳಿದದ್ದೂ ಉಂಟು. ಆದರೆ ರಸ್ತೆಯ ಮಟ್ಟಿಗೆ ಅದರ ಪರಿಣಾಮ ದೊಡ್ಡದು. ಮೂವತ್ತು ವರ್ಷದ ನಂತರ ಪಿಂಚಣಿ ಕೊಡಬೇಕಾದ ನಿಧಿಗೆ ಇಪ್ಪತ್ತು ವರ್ಷದ ಬಾಂಡ್ ಬೇಕೇ ಬೇಕು. ರಸ್ತೆ ಕಂಪನಿಗಳು ದೇಶದ ಒಳಗೇ, ದೇಶದ ಲೆಕ್ಕದಲ್ಲೇ ದೀರ್ಘಾವಧಿ ಸಾಲ ಎತ್ತಿದವು. ಡಾಲರ್ ಏರಿತೆಂದು ಟೋಲ್ ಏರಿಸಬೇಕಾದ ಇಕ್ಕಟ್ಟು ತಪ್ಪಿತು.

ಚಿಲಿಯವರು ಇನ್ನೊಂದು ಉಪಾಯವನ್ನೂ ಕಂಡುಕೊಂಡರು. ಇದು ನನಗೆ ಇಡೀ ವಿಷಯದಲ್ಲೇ ಅತ್ಯಂತ ಚೆಂದ ಕಂಡ ಭಾಗ. ಎಡ್ವರ್ಡೊ ಎಂಗೆಲ್, ರೊನಾಲ್ಡ್ ಫಿಷರ್, ಅಲೆಕ್ಸಾಂಡರ್ ಗ್ಯಾಲೆಟೊವಿಚ್ ಎಂಬ ಅಲ್ಲಿನ ಅರ್ಥಶಾಸ್ತ್ರಜ್ಞರು ಪ್ರತಿಪಾದಿಸಿದ ಈ ಪದ್ಧತಿಯನ್ನು 1998ರಲ್ಲಿ ಸ್ಯಾಂಟಿಯಾಗೊದಿಂದ ವಾಲ್ಪರೈಸೊಗೆ ಹೋಗುವ ಹೆದ್ದಾರಿಗೆ ಬಳಸಲಾಯಿತು. ಇಲ್ಲಿ ಕಂಪನಿಗಳು ಹೇಳಬೇಕಾದದ್ದು ವರ್ಷವನ್ನಲ್ಲ, ಟೋಲ್ ದರವನ್ನೂ ಅಲ್ಲ. 'ಈ ರಸ್ತೆಯಿಂದ ಒಟ್ಟು ಇಷ್ಟು ಆದಾಯ ಬಂದರೆ ನಮಗೆ ಸಾಕು' ಎಂಬ ಮೊತ್ತವನ್ನು ಇಂದಿನ ಬೆಲೆಗೆ ಇಳಿಸಿ ಹೇಳಬೇಕು. ಕಡಿಮೆ ಮೊತ್ತ ಕೇಳಿದವರಿಗೆ ಗುತ್ತಿಗೆ. ಒಬ್ಬರು 1,000 ಕೋಟಿ ಎಂದು ಬರೆದುಕೊಟ್ಟರು ಎಂದಿಟ್ಟುಕೊಳ್ಳಿ. ವಾಹನ ಹೆಚ್ಚು ಬಂದರೆ ಹನ್ನೆರಡು ವರ್ಷಕ್ಕೇ ಆ ಮೊತ್ತ ಸೇರಿ ಗುತ್ತಿಗೆ ಮುಗಿಯುತ್ತದೆ. ಕಡಿಮೆ ಬಂದರೆ ಹದಿನೆಂಟು ವರ್ಷ ಎಳೆಯುತ್ತದೆ. ವಾಹನ ಎಷ್ಟು ಬರುತ್ತದೆ ಎಂಬುದು ಗುತ್ತಿಗೆದಾರನ ಕೈಯಲ್ಲಿಲ್ಲ, ಅದು ದೇಶದ ಆರ್ಥಿಕ ಸ್ಥಿತಿಯನ್ನು ಅವಲಂಬಿಸಿದ್ದು. ತನ್ನ ಕೈಯಲ್ಲಿಲ್ಲದ ಅಪಾಯಕ್ಕೆ ಅವನು ದಂಡ ತೆರಬೇಕಿಲ್ಲ, ಹಾಗೆಯೇ ಅದೃಷ್ಟ ಕೈಹಿಡಿದರೆ ಜನರನ್ನು ಸುಲಿಯುವಂತೆಯೂ ಇಲ್ಲ. ಸರ್ಕಾರ ರಸ್ತೆಯನ್ನು ನಡುವೆಯೇ ವಾಪಸ್ ಪಡೆಯಬೇಕೆಂದರೂ ನ್ಯಾಯವಾದ ಪರಿಹಾರ ಎಷ್ಟೆಂಬುದನ್ನು ಲೆಕ್ಕ ಹಾಕುವುದು ಸುಲಭ, ಏಕೆಂದರೆ ಬರಬೇಕಾದ ಮೊತ್ತದಲ್ಲಿ ಎಷ್ಟು ಬಾಕಿಯಿದೆ ಎಂಬುದು ಕಣ್ಣಮುಂದೆಯೇ ಇರುತ್ತದೆ.

ಇಷ್ಟೆಲ್ಲ ಏರ್ಪಾಡು ಯಾಕೆ ಬೇಕು? ಈ ವ್ಯವಹಾರದ ಸ್ವಭಾವವೇ ಹಾಗಿದೆ. ಬಟ್ಟೆ ಗಿರಣಿ ಹಾಕಿದವನಿಗೆ ಸರ್ಕಾರದ ಮೇಲೆ ನಂಬಿಕೆ ಹೋದರೆ ಯಂತ್ರಗಳನ್ನು ಮಾರಿ ಬೇರೆಡೆ ಹೋಗಬಹುದು. ಸೇತುವೆ ಕಟ್ಟಿದವನು ಸೇತುವೆಯನ್ನು ಹೊತ್ತುಕೊಂಡು ಹೋಗಲಾರ. ಹಣ ಹಾಕುವ ಮುನ್ನ ಸರ್ಕಾರ ಅವನನ್ನು ಓಲೈಸುತ್ತದೆ, ಕಟ್ಟಿ ಮುಗಿದ ಮರುದಿನದಿಂದ ಅವನೇ ಸರ್ಕಾರದ ಮರ್ಜಿಯಲ್ಲಿರುತ್ತಾನೆ. ಚುನಾವಣೆ ಹತ್ತಿರ ಬಂದಾಗ ಟೋಲ್ ಏರಿಸಬೇಡಿ ಎನ್ನುವುದು ಯಾವ ಮಂತ್ರಿಗಾದರೂ ಸುಲಭ. ಇದು ಹೂಡಿಕೆದಾರನಿಗೆ ಮೊದಲೇ ಗೊತ್ತು. ಆದ್ದರಿಂದ ಅವನು ಒಂದೋ ಬರುವುದೇ ಇಲ್ಲ, ಬಂದರೆ ಆ ಭಯದ ಬೆಲೆಯನ್ನೂ ಸೇರಿಸಿ ದರ ಹೇಳುತ್ತಾನೆ.

ತಕ್ಕಡಿಯ ಇನ್ನೊಂದು ತಟ್ಟೆಯೂ ಇದೆ, ಅದನ್ನು ನಮ್ಮಲ್ಲಿ ಕಡಿಮೆ ಮಾತಾಡುತ್ತೇವೆ. ಕುಡಿಯುವ ನೀರಿನ ಯೋಜನೆ ಅರ್ಧಕ್ಕೆ ನಿಂತರೆ ಬೈಗುಳ ಬೀಳುವುದು ಸರ್ಕಾರಕ್ಕೆ. ಅದು ಗೊತ್ತಿರುವ ಕಂಪನಿ ಬೇಕೆಂದೇ ಕಡಿಮೆ ದರ ಹೇಳಿ ಗುತ್ತಿಗೆ ಗಿಟ್ಟಿಸಿಕೊಂಡು, ಎರಡು ವರ್ಷದ ನಂತರ 'ಪೂರೈಸುವುದಿಲ್ಲ, ಷರತ್ತು ಬದಲಿಸಿ' ಎಂದು ಬಂದು ನಿಲ್ಲಬಹುದು. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಹೋಸೆ ಲೂಯಿಸ್ ಗಾಷ್ ಲ್ಯಾಟಿನ್ ಅಮೆರಿಕದ ಸಾವಿರಕ್ಕೂ ಹೆಚ್ಚು ಗುತ್ತಿಗೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಪ್ರಮಾಣ ಗೊತ್ತಾಗುತ್ತದೆ. ಸಾರಿಗೆ ಗುತ್ತಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು, ನೀರಿನ ಗುತ್ತಿಗೆಗಳಲ್ಲಿ ಸುಮಾರು ಮುಕ್ಕಾಲು ಭಾಗ ಮತ್ತೆ ಚೌಕಾಸಿಗೆ ಬಂದಿದ್ದವು, ಅದೂ ಸರಾಸರಿ ಎರಡು ವರ್ಷ ಚಿಲ್ಲರೆ ಕಾಲದಲ್ಲಿ. ಗುತ್ತಿಗೆ ಕೊಡುವ ಹೊತ್ತಿಗೆ ದರ, ಷರತ್ತುಗಳ ಮೇಲೆ ಕಣ್ಣಿಡುವ ನಿಯಂತ್ರಣ ಪ್ರಾಧಿಕಾರ ಇದ್ದಲ್ಲಿ ಹೀಗೆ ಮತ್ತೆ ಚೌಕಾಸಿಗೆ ಬಂದವು ಶೇ 17, ಇಲ್ಲದ ಕಡೆ ಶೇ 61. ಪ್ರಾಧಿಕಾರ ಮೊದಲು ಬಂತೋ ಗುತ್ತಿಗೆ ಮೊದಲು ಬಂತೋ ಎಂಬ ಒಂದೇ ಪ್ರಶ್ನೆಯ ಮೇಲೆ ಇಷ್ಟು ಅಂತರ.

ಒಪ್ಪಂದವನ್ನೇ ಬಿಗಿಯಾಗಿ ಬರೆದರೆ ಸಾಲದೇ ಎಂದು ಕೇಳಬಹುದು. ಅರ್ಜೆಂಟೀನಾ ಆ ಪ್ರಯೋಗವನ್ನೂ ಮಾಡಿತು. 1993ರಲ್ಲಿ ಬ್ಯೂನಸ್ ಐರಿಸ್ ನಗರದ ನೀರು ಸರಬರಾಜನ್ನು ಫ್ರಾನ್ಸಿನ ಸೂಯೆಜ್ ಮುಂದಾಳತ್ವದ ಕಂಪನಿಕೂಟಕ್ಕೆ 30 ವರ್ಷಕ್ಕೆ ಕೊಟ್ಟಾಗ ಒಂದು ಪೆಸೊಗೆ ಒಂದು ಡಾಲರ್ ಎಂದು ಕಾನೂನಿನಲ್ಲೇ ಇತ್ತು. ಹೂಡಿಕೆದಾರರಿಗೆ ಇದಕ್ಕಿಂತ ಗಟ್ಟಿ ಭರವಸೆ ಇನ್ನೇನು ಬೇಕು? ಆದರೆ 2001ರ ಕೊನೆಯಲ್ಲಿ ದೇಶದ ಹಣಕಾಸು ಕುಸಿಯಿತು. 2002ರ ಜನವರಿಯ ತುರ್ತು ಕಾಯ್ದೆ ಎಲ್ಲ ಸೇವಾ ದರಗಳನ್ನು ಪೆಸೊಗೆ ಇಳಿಸಿ ಅಲ್ಲೇ ಹೆಪ್ಪುಗಟ್ಟಿಸಿತು. ಕೆಲಸ ಕಳೆದುಕೊಂಡ ಜನರ ನೀರಿನ ಬಿಲ್ಲನ್ನು ಮೂರು ಪಟ್ಟು ಮಾಡಲು ಯಾವ ಸರ್ಕಾರಕ್ಕೂ ಆಗುತ್ತಿರಲಿಲ್ಲ. 2006ರಲ್ಲಿ ಗುತ್ತಿಗೆಯೇ ರದ್ದಾಯಿತು. ಹೂಡಿಕೆದಾರರು ಅಂತಾರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಿ 2015ರಲ್ಲಿ 40.5 ಕೋಟಿ ಡಾಲರ್ ಪರಿಹಾರದ ತೀರ್ಪು ಪಡೆದರು. ಒಪ್ಪಂದ ಬಿಗಿಯಾಗಿದ್ದರೂ ಅದನ್ನು ಹೊರುವ ಶಕ್ತಿ ಆ ದೇಶದ ಹಣಕಾಸಿಗೆ ಇರಲಿಲ್ಲ.

ಭಾರತ ಇದೇ ಪಾಠವನ್ನು ವಿದ್ಯುತ್ತಿನಲ್ಲಿ ಕಲಿಯಿತು. ಮಹಾರಾಷ್ಟ್ರದ ದಾಭೋಲ್ ಸ್ಥಾವರಕ್ಕೆ 1992ರಲ್ಲಿ ಅಮೆರಿಕದ ಎನ್ರಾನ್ ಕಂಪನಿ ಜೊತೆ ಒಡಂಬಡಿಕೆಯಾಯಿತು, 1993ರಲ್ಲಿ ವಿದ್ಯುತ್ ಖರೀದಿ ಒಪ್ಪಂದ. ಸ್ಪರ್ಧಾತ್ಮಕ ಟೆಂಡರ್ ಇಲ್ಲ, ದರ ಡಾಲರ್‌ಗೆ ಜೋಡಣೆ, ರಾಜ್ಯ ಹಣ ಕೊಡದಿದ್ದರೆ ತಾನು ಕೊಡುತ್ತೇನೆಂಬ ಕೇಂದ್ರದ ಪ್ರತಿ-ಖಾತರಿ. 1995ರಲ್ಲಿ ಹೊಸ ಸರ್ಕಾರ ಬಂದು ರದ್ದುಮಾಡಿತು, ಆಮೇಲೆ ಚೌಕಾಸಿ ಮಾಡಿ ಮತ್ತೆ ಒಪ್ಪಿತು. 1999ರಲ್ಲಿ ವಿದ್ಯುತ್ ಬಂತು, 2001ರಲ್ಲಿ ರಾಜ್ಯ ವಿದ್ಯುತ್ ಮಂಡಳಿ ಹಣ ಕೊಡಲಾಗದೆ ಕೈಚೆಲ್ಲಿತು, ಸ್ಥಾವರ ನಿಂತಿತು. ಭ್ರಷ್ಟಾಚಾರದ ಆರೋಪಗಳೇ ಈ ಕಥೆಯಲ್ಲಿ ಹೆಚ್ಚು ಸದ್ದು ಮಾಡಿದವು. ಆದರೆ ಮೂಲದಲ್ಲಿ ಇದ್ದದ್ದು ಸರಳ ವಿಷಯ: ವಿದ್ಯುತ್ ಕೊಳ್ಳುವ ಮಂಡಳಿಯೇ ನಷ್ಟದಲ್ಲಿತ್ತು, ದರ ನಿರ್ಧರಿಸುವ ಸ್ವತಂತ್ರ ಆಯೋಗ ಆಗ ಇರಲಿಲ್ಲ.

ಕರ್ನಾಟಕದಲ್ಲೂ ಇದರ ಜೋಡಿ ಕಥೆಯಿದೆ. ಮಂಗಳೂರಿನ ಬಳಿ 1,000 ಮೆಗಾವಾಟ್ ಸ್ಥಾವರ ಕಟ್ಟಲು ಅಮೆರಿಕದ ಕೋಜೆಂಟ್ರಿಕ್ಸ್ ಬಂದಿತ್ತು. ಕೇಂದ್ರ ಆಯ್ದ ಎಂಟು ತ್ವರಿತ ಯೋಜನೆಗಳಲ್ಲಿ ಅದೂ ಒಂದು. ಪರಿಸರದ ಆಕ್ಷೇಪಗಳು, ಕೋರ್ಟಿನ ಅರ್ಜಿಗಳು, ಒಂದಾದ ಮೇಲೊಂದು ವಿಳಂಬ ಎಂದು ವರ್ಷಗಳು ಉರುಳಿ, 1999ರ ಡಿಸೆಂಬರ್‌ನಲ್ಲಿ ಕಂಪನಿ ವಾಪಸ್ ಹೋಯಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಕೆಲಸ ಶುರುಮಾಡಿದ್ದು ಅದಕ್ಕೆ ಒಂದು ತಿಂಗಳು ಮುಂಚೆ, ನವೆಂಬರ್‌ನಲ್ಲಿ. ಕರಾವಳಿಯ ಜನ ಎತ್ತಿದ ಪರಿಸರದ ಪ್ರಶ್ನೆಗಳು ಸರಿಯಾಗಿಯೇ ಇದ್ದವು ಎಂದು ನಾನು ನಂಬುತ್ತೇನೆ. ಅಂಥ ಪ್ರಶ್ನೆಗಳಿಗೆ ಒಪ್ಪಂದಕ್ಕೆ ಮೊದಲೇ ಉತ್ತರ ಸಿಗುವ ವ್ಯವಸ್ಥೆ ಇರಬೇಕಿತ್ತು. ಸಹಿ ಹಾಕಿದ ಮೇಲೆ ಕೋರ್ಟಿನಲ್ಲಿ ಹುಡುಕುವಂತಾದರೆ ಜನರಿಗೂ ನ್ಯಾಯವಿಲ್ಲ, ಹಣ ಹಾಕಿದವರಿಗೂ ಇಲ್ಲ.

ಕೋರ್ಟಿನ ಮಾತು ಬಂತು. ದೆಹಲಿಯ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗವನ್ನು 2008ರ ಒಪ್ಪಂದದಂತೆ ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ಮುಂದಾಳತ್ವದ ಕಂಪನಿ ನಡೆಸುತ್ತಿತ್ತು. ಮೇಲ್ಸೇತುವೆಯ ಭಾಗದಲ್ಲಿ ದೋಷವಿದೆ ಎಂದು 2012ರಲ್ಲಿ ಕಂಪನಿ ಒಪ್ಪಂದವನ್ನು ಕೊನೆಗೊಳಿಸಿತು. 2017ರಲ್ಲಿ ಮಧ್ಯಸ್ಥಿಕೆ ಮಂಡಳಿ ಕಂಪನಿಯ ಪರ ತೀರ್ಪು ಕೊಟ್ಟಿತು. 2019ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. 2021ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2024ರ ಏಪ್ರಿಲ್‌ನಲ್ಲಿ ಕ್ಯುರೇಟಿವ್ ಅರ್ಜಿಯ (ಅಂತಿಮ ತೀರ್ಪಿನ ನಂತರವೂ ಉಳಿಯುವ ಕೊನೆಯ ಅರ್ಜಿ) ಮೇಲೆ ಅದೇ ಸುಪ್ರೀಂ ಕೋರ್ಟ್ ತನ್ನ ಹಿಂದಿನ ತೀರ್ಪನ್ನು ತಿರುಗಿಸಿತು. ಕೊನೆಯ ತೀರ್ಪು ಸರಿಯೇ ಇರಬಹುದು. ಆದರೆ ಹನ್ನೆರಡು ವರ್ಷ ಯಾರಿಗೂ ಯಾವುದು ಸರಿ ಎಂದು ಗೊತ್ತಿರಲಿಲ್ಲ. ಮುಂದಿನ ಟೆಂಡರ್‌ಗೆ ದರ ಬರೆಯುವ ಕಂಪನಿ ಈ ಹನ್ನೆರಡು ವರ್ಷದ ಬಡ್ಡಿಯನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಅದೇ ದೆಹಲಿಯಲ್ಲಿದೆ. ದೆಹಲಿ-ನೋಯ್ಡಾ ಮೇಲ್ಸೇತುವೆಯ 1997ರ ಒಪ್ಪಂದ ಕಂಪನಿಗೆ ವರ್ಷಕ್ಕೆ ಶೇ 20 ಪ್ರತಿಫಲದ ಭರವಸೆ ಕೊಟ್ಟಿತ್ತು. ಅಷ್ಟು ಬಾರದಿದ್ದರೆ ಕೊರತೆ ಯೋಜನಾ ವೆಚ್ಚಕ್ಕೇ ಸೇರಿಕೊಳ್ಳುತ್ತಿತ್ತು, ಆ ಹಿಗ್ಗಿದ ವೆಚ್ಚದ ಮೇಲೆ ಮತ್ತೆ ಶೇ 20. ಅಂದರೆ ವರ್ಷ ಕಳೆದಷ್ಟೂ ಕಂಪನಿಗೆ ಬರಬೇಕಾದ ಮೊತ್ತ ಬೆಳೆಯುತ್ತ ಹೋಗುತ್ತಿತ್ತು, ಟೋಲ್ ಎಂದೂ ಮುಗಿಯುವಂತಿರಲಿಲ್ಲ. ನಾಗರಿಕರು ಕೋರ್ಟಿಗೆ ಹೋದರು. 2016ರಲ್ಲಿ ಅಲಹಾಬಾದ್ ಹೈಕೋರ್ಟ್ ಟೋಲ್ ನಿಲ್ಲಿಸಿತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಚಿಲಿಯ ಒಟ್ಟು-ಆದಾಯದ ಪದ್ಧತಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅಲ್ಲಿ ಮುಗಿಯುವ ಗೆರೆಯನ್ನು ಮೊದಲ ದಿನವೇ ಎಳೆಯಲಾಗಿತ್ತು, ಇಲ್ಲಿ ಗೆರೆಯೇ ಮುಂದೆ ಮುಂದೆ ಸರಿಯುತ್ತಿತ್ತು.

ನಮ್ಮಲ್ಲಿ ಹೆಚ್ಚು ಜನ ಗಮನಿಸದ ಮತ್ತೊಂದು ತೊಡಕಿದೆ: ಸರ್ಕಾರಿ ಅಧಿಕಾರಿಯ ಭಯ. ಕಷ್ಟದಲ್ಲಿರುವ ಯೋಜನೆಯ ಷರತ್ತು ಸಡಿಲಿಸಿದರೆ ಅಥವಾ ಮಧ್ಯಸ್ಥಿಕೆಯ ತೀರ್ಪಿನಂತೆ ಹಣ ಪಾವತಿಸಿದರೆ, ನಾಳೆ ಖಾಸಗಿಯವರಿಗೆ ಲಾಭ ಮಾಡಿಕೊಟ್ಟ ಎಂಬ ತನಿಖೆ ಅವರ ಮೇಲೆ ಬರಬಹುದು. ಮೇಲ್ಮನವಿ ಹಾಕಿದರೆ ಯಾರೂ ಪ್ರಶ್ನಿಸುವುದಿಲ್ಲ. ಹಾಗಾಗಿ ಎಲ್ಲದಕ್ಕೂ ಮೇಲ್ಮನವಿ. 2015ರಲ್ಲಿ ಪಿಪಿಪಿ ಮಾದರಿಯನ್ನು ಪರಿಶೀಲಿಸಿದ ವಿಜಯ್ ಕೇಳ್ಕರ್ ಸಮಿತಿ ಇದನ್ನು ನೇರವಾಗಿಯೇ ಗುರುತಿಸಿ, ಪ್ರಾಮಾಣಿಕ ತಪ್ಪು ನಿರ್ಧಾರಕ್ಕೂ ಲಂಚಕ್ಕೂ ಕಾನೂನು ವ್ಯತ್ಯಾಸ ಕಾಣಬೇಕು ಎಂದಿತು. ಮರುವರ್ಷ ಕೇಂದ್ರ ಸಚಿವ ಸಂಪುಟ, ತೀರ್ಪನ್ನು ಪ್ರಶ್ನಿಸಿದ್ದರೂ ಬ್ಯಾಂಕ್ ಖಾತರಿ ಪಡೆದು ಶೇ 75ರಷ್ಟು ಮೊತ್ತ ಪಾವತಿಸಬಹುದು ಎಂದು ತೀರ್ಮಾನಿಸಿತು. ಚಿಲಿ 2010ರ ಕಾನೂನಿನಲ್ಲಿ ತಾಂತ್ರಿಕ ತಜ್ಞರ ಮಂಡಳಿಯೊಂದನ್ನು ರಚಿಸಿ, ಜಗಳ ಕೋರ್ಟಿಗೆ ಬೆಳೆಯುವ ಮೊದಲೇ ಅಲ್ಲಿ ಅಭಿಪ್ರಾಯ ಸಿಗುವಂತೆ ಮಾಡಿತು. ಅದಕ್ಕೆ ಕಾರಣ ಅದರ ಸ್ವಂತ ಕಹಿ ಅನುಭವ. ಮೊದಲ ಹಂತದ ಗುತ್ತಿಗೆಗಳಲ್ಲಿ ಅಲ್ಲೂ ಬಾಗಿಲ ಹಿಂದೆ ಬಹಳಷ್ಟು ಚೌಕಾಸಿ ನಡೆದಿತ್ತು.

ವ್ಯವಸ್ಥೆ ಬಲವಾಗಿದ್ದರೆ ಎಲ್ಲ ಸರಿಹೋಗುತ್ತದೆಯೇ? ಬ್ರಿಟನ್ನಿನ ಅನುಭವ ಹಾಗೆ ಹೇಳುವುದಿಲ್ಲ. ಅಲ್ಲಿ ಕೋರ್ಟುಗಳ ಮೇಲೆ ನಂಬಿಕೆಯಿದೆ, ಪೌಂಡಿನಲ್ಲಿ ದೀರ್ಘಾವಧಿ ಸಾಲ ಸಿಗುತ್ತದೆ, ಮಾದರಿ ಒಪ್ಪಂದಗಳಿವೆ. 1992ರಲ್ಲಿ ಶುರುವಾದ ಪಿಎಫ್‌ಐ (ಪ್ರೈವೇಟ್ ಫೈನಾನ್ಸ್ ಇನಿಶಿಯೇಟಿವ್, ಅಂದರೆ ಅಲ್ಲಿನ ಪಿಪಿಪಿ) ಯೋಜನೆಯಡಿ ಶಾಲೆ, ಆಸ್ಪತ್ರೆ, ಜೈಲುಗಳಿಗೆ ಖಾಸಗಿ ಹಣ ಹರಿದು ಬಂತು. 2018ರ ಆರಂಭದಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಎಣಿಸಿದಾಗ ಚಾಲ್ತಿಯಲ್ಲಿದ್ದ ಒಪ್ಪಂದಗಳು 716, ಅವುಗಳ ಬಂಡವಾಳ ಮೌಲ್ಯ 5,940 ಕೋಟಿ ಪೌಂಡ್. ನಿರ್ವಹಣೆಯ ವೆಚ್ಚವೂ ಸೇರಿ 2040ರ ದಶಕದವರೆಗೆ ಕೊಡಬೇಕಾಗಿದ್ದದ್ದು 19,900 ಕೋಟಿ ಪೌಂಡ್. ಕೆಲವು ಶಾಲೆಗಳ ಗುಂಪೊಂದನ್ನು ಲೆಕ್ಕ ಹಾಕಿದಾಗ, ಸರ್ಕಾರ ತಾನೇ ಸಾಲ ಮಾಡಿ ಕಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ವೆಚ್ಚ ಸುಮಾರು ಶೇ 40 ಹೆಚ್ಚಾಗಿತ್ತು. ಸರ್ಕಾರಕ್ಕೆ ಅಗ್ಗದ ಸಾಲ ಸಿಗುತ್ತಿದ್ದರೂ ಹೀಗೇಕೆ ಮಾಡಿದರು? ಲೆಕ್ಕಪತ್ರದ ನಿಯಮದ ಪ್ರಕಾರ ಈ ಹೊಣೆಯಲ್ಲಿ ಹೆಚ್ಚಿನದು ರಾಷ್ಟ್ರೀಯ ಸಾಲದ ಅಂಕಿಯಲ್ಲಿ ಕಾಣಿಸುತ್ತಿರಲಿಲ್ಲ. ಇಂದಿನ ಮಂತ್ರಿಗೆ ಆಸ್ಪತ್ರೆ ಉದ್ಘಾಟಿಸುವ ಅವಕಾಶ, ಬಿಲ್ಲು ಮುಂದಿನ ತಲೆಮಾರಿಗೆ. 2018ರ ಜನವರಿಯಲ್ಲಿ ಕರಿಲಿಯನ್ ಎಂಬ ದೊಡ್ಡ ಗುತ್ತಿಗೆ ಕಂಪನಿ ದಿವಾಳಿಯಾಗಿ ಕಟ್ಟುತ್ತಿದ್ದ ಆಸ್ಪತ್ರೆಗಳು ಅರ್ಧಕ್ಕೆ ನಿಂತವು, ಅದೇ ಅಕ್ಟೋಬರ್‌ನಲ್ಲಿ ಹೊಸ ಪಿಎಫ್‌ಐ ಒಪ್ಪಂದಗಳಿಗೆ ತೆರೆ ಬಿತ್ತು. ಖಾಸಗಿ ಹಣ ಧಾರಾಳವಾಗಿ ಬಂತು ಎಂಬುದಷ್ಟೇ ಯಶಸ್ಸಿನ ಅಳತೆಯಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬಡ ದೇಶಗಳಲ್ಲಿ ಈ ಎಲ್ಲ ಆಸರೆಗಳೂ ಇಲ್ಲದಾಗ ಸರ್ಕಾರ ಕೊಡುವ ಖಾತರಿಯೊಂದೇ ಉಳಿಯುತ್ತದೆ. ಕೆನ್ಯಾದ ತುರ್ಕಾನಾ ಸರೋವರದ ಬಳಿ 310 ಮೆಗಾವಾಟ್‌ನ ಪವನ ವಿದ್ಯುತ್ ಸ್ಥಾವರವನ್ನು ಖಾಸಗಿಯವರು 2017ರಲ್ಲೇ ಕಟ್ಟಿ ಮುಗಿಸಿದರು. ಸರ್ಕಾರ ಎಳೆಯಬೇಕಿದ್ದ ವಿದ್ಯುತ್ ಮಾರ್ಗ ಮುಗಿದದ್ದು 2018ರಲ್ಲಿ. ನಡುವೆ ಬಾರದ ವಿದ್ಯುತ್ತಿಗೂ ಒಪ್ಪಂದದಂತೆ ಸರ್ಕಾರ ದಂಡ ತೆರಬೇಕಾಯಿತು. ವಿಶ್ವಬ್ಯಾಂಕ್ ಇಂಥ ಹೊರೆಯ ಆತಂಕದಿಂದಲೇ 2012ರಲ್ಲಿ ಆ ಯೋಜನೆಯಿಂದ ಹಿಂದೆ ಸರಿದಿತ್ತು.

ಭಾರತದ ಹೆದ್ದಾರಿಗಳು ಈ ದಶಕದಲ್ಲಿ ಎಲ್ಲಿ ಬಂದು ನಿಂತಿವೆ ಎಂಬುದನ್ನು ಈಗ ನೋಡಬಹುದು. 2012ರವರೆಗಿನ ಭರಾಟೆಯಲ್ಲಿ ಕಂಪನಿಗಳು ಸಂಚಾರದ ಅಪಾಯವನ್ನೆಲ್ಲ ತಾವೇ ಹೊತ್ತು ಟೆಂಡರ್ ಹಿಡಿದವು. ಭೂಸ್ವಾಧೀನ ಮುಗಿದಿರಲಿಲ್ಲ. ಸಾಲ ಕೊಟ್ಟದ್ದು ಬ್ಯಾಂಕುಗಳು, ಜನರ ಎರಡು ಮೂರು ವರ್ಷದ ಠೇವಣಿಯಿಂದ ಹದಿನೈದು ವರ್ಷದ ಸಾಲ. ಅದು ಕುಸಿದ ಮೇಲೆ 2016ರಲ್ಲಿ ಬಂದದ್ದು ಹೈಬ್ರಿಡ್ ಆನ್ಯುಟಿ ಮಾದರಿ, ಅಂದರೆ ಎಚ್‌ಎಎಂ. ವೆಚ್ಚದ ಶೇ 40ನ್ನು ಕಟ್ಟುವಾಗಲೇ ಹೆದ್ದಾರಿ ಪ್ರಾಧಿಕಾರ ಕೊಡುತ್ತದೆ, ಉಳಿದ ಶೇ 60ನ್ನು 15 ವರ್ಷ ಆರು ತಿಂಗಳಿಗೊಮ್ಮೆ ಬಡ್ಡಿ ಸಮೇತ. ಟೋಲ್ ಪ್ರಾಧಿಕಾರದ್ದೇ. ಕಂಪನಿಗೆ ವಾಹನ ಬರಲಿ ಬಿಡಲಿ ಹಣ ಬರುತ್ತದೆ, ಅಪಾಯ ಸರ್ಕಾರದ ಹೆಗಲಿಗೆ ಸರಿದಿದೆ. ದೀರ್ಘಾವಧಿ ಹಣ ಬಂದದ್ದು ಬೇರೆ ದಾರಿಯಲ್ಲಿ. 2021ರಲ್ಲಿ ಹೆದ್ದಾರಿ ಪ್ರಾಧಿಕಾರ ರಚಿಸಿದ ಹೂಡಿಕೆ ಟ್ರಸ್ಟಿನಲ್ಲಿ ಕೆನಡಾದ ಪಿಂಚಣಿ ನಿಧಿ ಮತ್ತು ಒಂಟಾರಿಯೊದ ಶಿಕ್ಷಕರ ಪಿಂಚಣಿ ನಿಧಿ ತಲಾ ಶೇ 25 ಪಾಲು ಕೊಂಡವು. ಆ ಟ್ರಸ್ಟಿನ ಮೊದಲ ಐದು ರಸ್ತೆಗಳಲ್ಲಿ ನಮ್ಮ ಬೆಳಗಾವಿ-ಕಾಗಲ್ ರಸ್ತೆಯೂ ಇದೆ. ಅವೆಲ್ಲ ಕಟ್ಟಿ ಮುಗಿದ, ಟೋಲ್ ಬರುತ್ತಿರುವ ರಸ್ತೆಗಳು. ಭೂಸ್ವಾಧೀನದ ಜಗಳ ಮುಗಿಯದ ಹೊಸ ರಸ್ತೆಗೆ ಆ ನಿಧಿಗಳು ಹಣ ಹಾಕಿಲ್ಲ. ನಮ್ಮ ವ್ಯವಸ್ಥೆಯ ಯಾವ ಭಾಗವನ್ನು ಅವರು ನಂಬುತ್ತಾರೆ, ಯಾವುದನ್ನು ನಂಬುವುದಿಲ್ಲ ಎಂಬುದು ಅಲ್ಲೇ ಕಾಣುತ್ತದೆ.

ಬೆಂಗಳೂರಿನ ವಿಮಾನ ನಿಲ್ದಾಣದ ಮಾತು ಹೇಳದೆ ಇದು ಮುಗಿಯುವುದಿಲ್ಲ. 2004ರ ಜುಲೈನಲ್ಲಿ ಒಪ್ಪಂದಕ್ಕೆ ಸಹಿಯಾಯಿತು, 2008ರ ಮೇನಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯಿತು. ಪ್ರಯಾಣಿಕರ ಶುಲ್ಕ ನಿರ್ಧರಿಸುವ ಪ್ರಾಧಿಕಾರ ಕೆಲಸ ಶುರುಮಾಡಿದ್ದು 2009ರಲ್ಲಿ, ಇಲ್ಲೂ ನಂತರವೇ. ಪ್ರಾಧಿಕಾರವಿಲ್ಲದ ಕಾಲದಲ್ಲಿ ಹಣ ಹಾಕಿದವರು ಕೇಳಿದ್ದು ಬೇರೆ ಬಗೆಯ ರಕ್ಷಣೆ: ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ಹಾರಬಾರದು, 25 ವರ್ಷ 150 ಕಿ.ಮೀ. ಒಳಗೆ ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣ ಬರಬಾರದು. ಆ ಷರತ್ತಿಲ್ಲದಿದ್ದರೆ ಅವರು ಬರುತ್ತಿದ್ದರೇ ಎಂಬುದು ನ್ಯಾಯವಾದ ಪ್ರಶ್ನೆ, ಬಹುಶಃ ಬರುತ್ತಿರಲಿಲ್ಲ. ಈಗ ರಾಜ್ಯ ಸರ್ಕಾರ ಬೆಂಗಳೂರಿಗೆ ಎರಡನೇ ನಿಲ್ದಾಣದ ಜಾಗ ಹುಡುಕುತ್ತಿದೆ. ಷರತ್ತು ಮುಗಿಯುವುದು 2033ರ ಮೇ ತಿಂಗಳಲ್ಲಿ.